ರಾವುತನ ಬಿಲ್ಲೆ

ಕಳೆದ ನವೆಂಬರಿನ ಒಂದು ಶನಿವಾರ, ಬರ್ಲಿನ್ನಿನ ನಮ್ಮ ಕಟ್ಟಡದ ಕೆಳಮನೆಯಲ್ಲಿರುವ ಎಂಬತ್ತು ದಾಟಿದ ಅಜ್ಜಿಯೊಬ್ಬರು ನೆಲಮಾಳಿಗೆಯ ತಮ್ಮ ಕೋಣೆಯನ್ನು ಖಾಲಿ ಮಾಡಲು ನನ್ನ ನೆರವು ಕೇಳಿದರು. ಹಳೆಯ ಪೆಟ್ಟಿಗೆಗಳನ್ನು ಮೇಲಕ್ಕೆ ಸಾಗಿಸುತ್ತಿದ್ದಾಗ ಸಿಗಾರಿನ ತಗಡಿನ ಡಬ್ಬಿಯೊಂದು ಸಿಕ್ಕಿತು. ಅದನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟು ಅವರು, "ಇದು ನಮ್ಮಜ್ಜನದು, ಅವರು ಉಲಾನ್ ಆಗಿದ್ದರು" ಎಂದರು.

ಉಲಾನ್ ಎಂದರೆ ಭರ್ಜಿ ಹಿಡಿದ ರಾವುತ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವನ್ನು ದಿನವೂ ನೋಡುತ್ತ ಬೆಳೆದವನಿಗೆ ಆ ಪದ ದೂರದ್ದೆನಿಸಲಿಲ್ಲ. ಮೊದಲ ಮಹಾಯುದ್ಧದ ಕೊನೆಯಲ್ಲಿ, 1918ರ ಸೆಪ್ಟೆಂಬರ್ 23ರಂದು ನಮ್ಮ ರಾವುತರು ಪ್ಯಾಲೆಸ್ಟೈನಿನ ಹೈಫಾದಲ್ಲಿ ಕುದುರೆ ಏರಿ ಹೋರಾಡುತ್ತಿದ್ದಾಗ, ಪಶ್ಚಿಮ ರಣರಂಗದ ಜರ್ಮನ್ ರಾವುತರಲ್ಲಿ ಹೆಚ್ಚಿನವರು ಕುದುರೆಯಿಂದ ಇಳಿದು ಕಾಲಾಳುಗಳಾಗಿ ಕಂದಕ ಸೇರಿಯಾಗಿತ್ತು. 1914ರಲ್ಲಿ 110 ಅಶ್ವದಳ ರೆಜಿಮೆಂಟುಗಳು, ಪ್ರತಿ ಸವಾರನ ಕೈಯಲ್ಲಿ ಮೂರು ಮೀಟರು ಮೀರಿದ ಉಕ್ಕಿನ ಭರ್ಜಿ, ಇಷ್ಟೆಲ್ಲದರೊಂದಿಗೆ ಹೊರಟ ಸೇನೆ ಅದು. ವರ್ಸೇಲ್ಸ್ ಒಪ್ಪಂದದ ನಂತರ ಉಳಿದದ್ದು ಒಂದು ಲಕ್ಷ ಜನರ ಪಡೆ, ಅದರಲ್ಲಿ ಮೂರೇ ಅಶ್ವದಳ ಡಿವಿಜನ್‌ಗಳು.

ಡಬ್ಬಿಯಲ್ಲಿ ಎರಡು ವಸ್ತುಗಳಿದ್ದವು. ಮೊದಲನೆಯದು 1934ರಲ್ಲಿ ಜರ್ಮನಿಯ ಅಧ್ಯಕ್ಷ ಹಿಂಡನ್‌ಬರ್ಗ್ ಸ್ಥಾಪಿಸಿದ ಮಹಾಯುದ್ಧದ ಗೌರವ ಶಿಲುಬೆ. ರಣರಂಗದಲ್ಲಿದ್ದವರಿಗೆ ಕತ್ತಿಗಳಿರುವ ಈ ಬಗೆಯನ್ನು ಕೊಟ್ಟರು. ಅರ್ಜಿ ಹಾಕಿ ಪಡೆದವರು ಅರವತ್ತು ಲಕ್ಷಕ್ಕೂ ಹೆಚ್ಚು. ಅದು ಕಾಗದದ ಲಕೋಟೆಯಲ್ಲಿಯೇ ಇತ್ತು, ರಿಬ್ಬನ್ನಿನ ಮಡಿಕೆಯೂ ಬಿಚ್ಚಿರಲಿಲ್ಲ.

ಎರಡನೆಯದು ಮಾಜಿ ರಾವುತರ ಸಂಘವೊಂದರ, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಬಿಲ್ಲೆ: ಲಾಳದೊಳಗೆ ಅಡ್ಡಹಾಯ್ದ ಎರಡು ಭರ್ಜಿ, ಕೆಳಗೆ ಓಕ್ ಎಲೆ. ಲಾಳದ ಒಂದು ತೋಳಿನ ಹೊಳಪೆಲ್ಲ ಹೋಗಿ ಕಂದು ಲೋಹ ಕಾಣುತ್ತಿತ್ತು. ಅದು ಕೋಟಿಗೆ ಸಿಕ್ಕಿಸುವಾಗ ಹೆಬ್ಬೆರಳು ಒತ್ತುವ ಜಾಗ. ಹಿಂಬದಿಯ ಸೂಜಿ ಒಮ್ಮೆ ಮುರಿದು, ಯಾರೋ ಒರಟಾಗಿ ಬೆಸುಗೆ ಹಾಕಿದ್ದರು. ಪಕ್ಕದಲ್ಲಿ 'ಗೆಸ್. ಗೆಶ್.' ಎಂಬ ಸಣ್ಣ ಮುದ್ರೆ; ಕಾನೂನಿನಿಂದ ರಕ್ಷಿತ ವಿನ್ಯಾಸ ಎಂಬುದರ ಸಂಕ್ಷೇಪ ಅದು.

ಸರ್ಕಾರದ ಪದಕ ಹೊಚ್ಚ ಹೊಸದು, ಸಂಘದ ಬಿಲ್ಲೆ ಸವೆದದ್ದು. ಇದೇಕೆ ಹೀಗೆ ಎಂಬುದು ನನ್ನನ್ನು ಬಿಡಲಿಲ್ಲ. ಯುದ್ಧದ ನಂತರದ ಜರ್ಮನ್ ಗಣರಾಜ್ಯದ ವೈಮಾರ್ ಸಂವಿಧಾನದ 109ನೇ ವಿಧಿ ರಾಜ್ಯವು ಪದಕ, ಗೌರವಚಿಹ್ನೆಗಳನ್ನು ಕೊಡಕೂಡದೆಂದು ವಿಧಿಸಿತ್ತು. ಆ ಬಿಡುವಿನಲ್ಲಿ ಮಾಜಿ ಸೈನಿಕರ ಸಂಘಗಳು ತಮ್ಮವರಿಗೆ ತಾವೇ ಗೌರವ ಬಿಲ್ಲೆಗಳನ್ನು ಮಾಡಿಸಿ ಕೊಟ್ಟವು. ಅಶ್ವದಳದವರಿಗೆ ಇದು ಇನ್ನೂ ಹತ್ತಿರದ ವಿಷಯವಾಗಿರಬೇಕು. ಅವರ ರೆಜಿಮೆಂಟುಗಳೇ ವಿಸರ್ಜನೆಯಾಗಿದ್ದವು, ಕುದುರೆಗಳು ಲಕ್ಷಗಟ್ಟಲೆ ಸತ್ತಿದ್ದವು, ಉಳಿದದ್ದು ಸಂಘ ಒಂದೇ.

ನಾನು ಇದನ್ನು ಹೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ತಂದೆಯಿಂದ ಕೇಳಿದ್ದನ್ನು ನೆನೆದರು. ಅಜ್ಜ ಸಂಘದ ಚಂದಾ ಪುಸ್ತಕ ಬರೆಯುತ್ತಿದ್ದರಂತೆ, ಸತ್ತ ಒಡನಾಡಿಗಳ ಶವಸಂಸ್ಕಾರಕ್ಕೆ ಬಾವುಟ ಹೊತ್ತು ಹೋಗುತ್ತಿದ್ದರಂತೆ. ಜರ್ಮನಿಯ ಈ ಸಂಘಗಳಲ್ಲಿ ಎಷ್ಟೋ ಹುಟ್ಟಿಕೊಂಡದ್ದೇ ಹತ್ತೊಂಬತ್ತನೆಯ ಶತಮಾನದಲ್ಲಿ, ಒಡನಾಡಿಯನ್ನು ಗೌರವದಿಂದ ಮಣ್ಣು ಮಾಡುವುದಕ್ಕಾಗಿ. ಆ ಬಿಲ್ಲೆ ಯುದ್ಧದ ಶೌರ್ಯಕ್ಕಲ್ಲ, ಯುದ್ಧ ಮುಗಿದ ಮೇಲಿನ ದುಡಿಮೆಗೆ ಸಿಕ್ಕಿದ್ದೆಂದು ನಾನು ನಂಬುತ್ತೇನೆ.

ಆದರೂ ಆ ಒಡನಾಟವನ್ನು ಪೂರ್ತಿ ಹೊಗಳಲು ನನ್ನಿಂದಾಗದು. ನಾಜಿಗಳು ಅಧಿಕಾರಕ್ಕೆ ಬಂದ 1933ರ ನಂತರ ಇಂಥ ಅನೇಕ ಸಂಘಗಳು, ಒಂದೇ ಕಂದಕದಲ್ಲಿ ಕುಳಿತಿದ್ದ ಯಹೂದಿ ಸದಸ್ಯರನ್ನು ಹೊರಗಟ್ಟಿದವು. ಅದೇ ವರ್ಷದ ಏಪ್ರಿಲಿನ ಪದಕ ಕಾನೂನು ಮತ್ತು ಅದರ ಹಿಂದೆ ಬಂದ ನಿಯಮಗಳಿಂದ ಖಾಸಗಿ ಪದಕಗಳೂ ಎದೆಯಿಂದ ಇಳಿಯತೊಡಗಿದವು. ತಾತ ಆಗ ಏನು ಹೇಳಿದರೆಂದು ಅಜ್ಜಿಗೆ ತಿಳಿಯದು. "ಕೇಳಬೇಕಿತ್ತು" ಎಂದಷ್ಟೇ ಹೇಳಿದರು.

ಡಬ್ಬಿ ಮುಚ್ಚುವ ಮುನ್ನ ಅವರು, ನಿಮ್ಮ ಭಾಷೆಯಲ್ಲಿ ಉಲಾನ್‌ಗೆ ಏನೆನ್ನುತ್ತೀರಿ ಎಂದು ಕೇಳಿದರು. ರಾವುತ ಎಂದೆ. ಅವರು ಅದನ್ನು ಎರಡು ಸಲ ನಿಧಾನವಾಗಿ ಹೇಳಿಕೊಂಡು, ಸೂಜಿಯ ಕೊಂಡಿ ಹಾಕಿ ಬಿಲ್ಲೆಯನ್ನು ಬಟ್ಟೆಯಲ್ಲಿ ಸುತ್ತಿಟ್ಟರು.