ರೇಷ್ಮೆ ಮೂರನೇ ಬೆಳೆ: ಈ ಸಲ ಕಾದೆವು

ಹುಳುಮನೆ ತೊಳೆದು, ಬ್ಲೀಚಿಂಗ್ ಪುಡಿಯ ನೀರು ಹೊಡೆದು, ಈಗ ಮೂರನೇ ಬೆಳೆ. ಕಳೆದ ಸಲದಂತೆಯೇ ಮಿಶ್ರತಳಿ, 100 ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳೆಲ್ಲ ಸೇರಿ ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ). ಎರಡನೇ ಜ್ವರ ದಾಟಿದ ಹುಳುಗಳನ್ನು, ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ತಂದೆವು. ಹುಳು ಪೊರೆ ಬಿಡೋದಕ್ಕೆ ನಮ್ಮ ಕನಕಪುರದ ಕಡೆ ಜ್ವರ ಅಂತಾರೆ. ಗೂಡು ಕಟ್ಟುವ ಮುಂಚೆ ಇಂಥ ನಾಲ್ಕು ಜ್ವರ.

ಕಳೆದ ಬೆಳೆ ಕೆಟ್ಟಿದ್ದು ನಾಲ್ಕನೇ ಜ್ವರದಲ್ಲಿ. ಅರ್ಧದಷ್ಟು ಹುಳು ಎದ್ದ ತಕ್ಷಣ, ಹಸಿದಿವೆ ಅಂತ ಹಿಪ್ಪುನೇರಳೆ ಸೊಪ್ಪು ಹಾಕಿಬಿಟ್ಟೆ. ಜ್ವರದಲ್ಲಿದ್ದವು ಸೊಪ್ಪಿನಡಿ ಸಿಕ್ಕಿಕೊಂಡವು. ಹುಳು ಸಾಕುವ ಒಂದೇ ತಟ್ಟಿನಲ್ಲಿ ದಪ್ಪ ಹುಳು, ಸಣ್ಣ ಹುಳು. ಹಣ್ಣಾಗೋದಕ್ಕೆ, ಅಂದರೆ ಗೂಡು ಕಟ್ಟಲು ಸಿದ್ಧವಾಗೋದಕ್ಕೆ, ನಾಲ್ಕು ದಿನ ಎಳೆದವು. ಕೊನೆಗೆ ಸಿಕ್ಕಿದ್ದು 44 ಕೆಜಿ.

ಈ ಸಲ ಹುಳು ತಂದ 8ನೇ ದಿನ: ನಾಲ್ಕನೇ ಜ್ವರ. ಸಂಜೆ ಹೊತ್ತಿಗೆ ಮೇಯೋದು ನಿಂತಿತು. ತಲೆ ಎತ್ತಿ, ಅಲ್ಲಾಡದೆ ಕೂತವು. ಮೈ ಬಿಗಿದು ಹೊಳೆಯುತ್ತಿತ್ತು. ತಟ್ಟು ಒಣಗಲಿ ಅಂತ ತೆಳ್ಳಗೆ ಸುಣ್ಣದ ಪುಡಿ ಉದುರಿಸಿದೆವು.

9ನೇ ದಿನ: ಬೆಳಿಗ್ಗೆಯೇ ಕೆಲವು ಎದ್ದು ತಲೆ ಆಡಿಸತೊಡಗಿದವು. ಕೈ ಸೊಪ್ಪಿನ ಕಡೆಗೇ ಹೋಗುತ್ತಿತ್ತು. "ಇನ್ನೂ ಬಿಡು ಮಗಾ, ಎಲ್ಲಾ ಏಳಲಿ" ಅಂದರು ಅವ್ವ. 100ಕ್ಕೆ 95 ಎದ್ದ ಮೇಲೇ ಸೊಪ್ಪು ಅಂತ ಗೋಡೆ ಮೇಲೆ ಬರೆದುಕೊಂಡಿದ್ದೆ. ರಾತ್ರಿ ಎಂಟಕ್ಕೆ ಹಾಕಿದೆವು. ಮೊದಲು ಎದ್ದವು ಅಷ್ಟು ಹೊತ್ತು ಉಪವಾಸ ಇದ್ದರೂ ಏನೂ ಆಗಲಿಲ್ಲ.

ಆಮೇಲಿನ ಒಂದು ವಾರ ಬರೀ ಸೊಪ್ಪಿನ ಕೆಲಸ. ಹುಳು ತಿನ್ನುವ ಒಟ್ಟು ಸೊಪ್ಪಿನಲ್ಲಿ 100ಕ್ಕೆ 80 ಭಾಗಕ್ಕಿಂತ ಜಾಸ್ತಿ ಈ ಕೊನೇ ಹಂತದಲ್ಲೇ ಬೇಕು. ಕಡ್ಡಿ ಸಮೇತ ಕೊಯ್ದು ದಿನಕ್ಕೆ ಮೂರು ಹೊತ್ತು ಹಾಕಿದೆವು. ಒಂದು ದಿನ ಮಳೆ ಬಂತು. ಒದ್ದೆ ಸೊಪ್ಪು ಹಾಕಲಿಲ್ಲ, ಜಗಲಿಯಲ್ಲಿ ಹರಡಿ, ನೀರು ಆರಿದ ಮೇಲೇ ಕೊಟ್ಟೆವು.

16ನೇ ದಿನ: ಹಣ್ಣಾದವು! ಸೊಪ್ಪು ಬಿಟ್ಟು ಅಂಚಿನ ಕಡೆ ಹರಿದಾಡತೊಡಗಿದವು. ಒಂದನ್ನು ಅಂಗೈ ಮೇಲಿಟ್ಟು ಬೆಳಕಿಗೆ ಹಿಡಿದೆ. ಕುತ್ತಿಗೆಯ ಹತ್ತಿರ ಜೇನಿನ ಬಣ್ಣ, ಮೈ ಆಚೆಬದಿಯ ಬೆಳಕು ಕಾಣುವಷ್ಟು ತಿಳಿ. ಬೆರಳ ತುದಿಗೆ ಬಂದು, ತಲೆ ಅತ್ತಿತ್ತ ಆಡಿಸಿ, ಎಳೆಯೊಂದನ್ನು ಅಂಟಿಸಿಯೇಬಿಟ್ಟಿತು. ಮಾರನೇ ದಿನ ಮಧ್ಯಾಹ್ನದೊಳಗೆ ಎಲ್ಲಾ ಹುಳುಗಳನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ತಟ್ಟಿಗೆ, ಹತ್ತಿಸಿ ಮುಗಿಸಿದೆವು. ಕಳೆದ ಸಲ ನಾಲ್ಕು ದಿನ, ಈ ಸಲ ಒಂದೂವರೆ. ನನಗೆ ತೂಕಕ್ಕಿಂತ ಇದೇ ಹೆಚ್ಚು ಖುಷಿ ಕೊಟ್ಟಿತು.

ಹತ್ತಿಸಿದ ಐದನೇ ದಿನ ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಒಯ್ದೆವು. 61 ಕೆಜಿ ತೂಗಿತು. ಹರಾಜು ಈಗ ಮೊಬೈಲಲ್ಲೇ ನಡೆಯುತ್ತೆ, ಆದರೂ ನೂಲು ಬಿಚ್ಚೋರು ಗೂಡನ್ನು ಕೈಯಲ್ಲಿ ಹಿಡಿದು, ಕಿವಿ ಹತ್ತಿರ ಅಲ್ಲಾಡಿಸಿ ನೋಡಿಯೇ ಬೆಲೆ ಕೂಗೋದು. ಕೆಜಿಗೆ 510ಕ್ಕೆ ನಿಂತಿತು. ಒಟ್ಟು 31,110 ರೂಪಾಯಿ. ಚಾಕಿ ಹುಳು, ಗೊಬ್ಬರ, ಆಳಿನ ಕೂಲಿ, ಚಂದ್ರಿಕೆ ಬಾಡಿಗೆ, ಗೂಡು ಸಾಗಿಸಿದ ಆಟೋ ಕಳೆದರೆ ಹದಿನೆಂಟು ಸಾವಿರ ಉಳಿಯಿತು.

ಉಳಿಯಿತು ಅಂತ ಬರೆದೆ, ಆದರೆ ಅವ್ವ ದಿನಾ ಬೆಳಿಗ್ಗೆ ಐದಕ್ಕೆದ್ದು ಸೊಪ್ಪು ಕೊಯ್ದದ್ದು ಈ ಲೆಕ್ಕದಲ್ಲಿಲ್ಲ. ಆಳಿಗೆ ಕೊಟ್ಟದ್ದು ಖರ್ಚು, ಮನೆಯವರು ದುಡಿದದ್ದು ಸುಮ್ನೆ ಹೇಗಾಗುತ್ತೆ? ನಾಲ್ಕನೇ ಬೆಳೆಯ ಪುಸ್ತಕದಲ್ಲಿ ಅವ್ವನ ಕೂಲಿಗೆ ಒಂದು ಸಾಲು ಈಗಲೇ ಗೆರೆ ಹಾಕಿಟ್ಟಿದ್ದೇನೆ. ತೋಟಕ್ಕೆ ಕೊಟ್ಟಿಗೆ ಗೊಬ್ಬರ ಬಿತ್ತು. ಸೊಪ್ಪು ಮತ್ತೆ ಕೊಯ್ಲಿಗೆ ಬರಲು ಎರಡು ತಿಂಗಳು ಬೇಕು.