ಲೋಡ್ ಪಿಕಪ್ ಎಳೆಯುತ್ತಿಲ್ಲವೇ? ಗೇರ್ ಬಾಕ್ಸ್ ಇಳಿಸುವ ಮುಂಚೆ ಇಷ್ಟು ನೋಡಿ

ಬೊಲೆರೊದಂಥ ಡೀಸೆಲ್ ಪಿಕಪ್ ಲೋಡ್ ಹೊತ್ತು ಘಾಟಿ ಹತ್ತುವಾಗ ಮುಕ್ಕರಿಸಿದರೆ ಸಾಕು, ಗೇರ್ ಬಾಕ್ಸ್ ಇಳಿಸೋಣ ಅನ್ನುವವರು ಬಹಳ. ಅವಸರ ಬೇಡ. ಚಡಾವಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿಯೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಸದ್ದೂ ಏರದಿದ್ದರೆ ತೊಂದರೆ ಡೀಸೆಲ್ ಅಥವಾ ಗಾಳಿಯ ದಾರಿಯಲ್ಲಿದೆ. ಮ್ಯಾನುಯಲ್ ಗೇರ್‌ನ ಹಲ್ಲುಗಳು ಜಾರುವುದಿಲ್ಲ. ಸವೆದರೆ ಗೇರ್ ಹಾರಿ ನ್ಯೂಟ್ರಲ್‌ಗೆ ಬೀಳುತ್ತದೆ, ಅಷ್ಟೇ.

ಎಂಜಿನ್ ಕಡೆ ಮೊದಲು ಡೀಸೆಲ್ ಫಿಲ್ಟರ್. ಅದರ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಸ್ವಲ್ಪ ಇಳಿಸಿ; ನೀರಿದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಹೊಸ ಫಿಲ್ಟರ್ ಹಾಕಿದ ಮೇಲೂ ಡೀಸೆಲ್ ತುಂಬಿಸುವ ಹ್ಯಾಂಡ್ ಪಂಪ್ ಗಟ್ಟಿಯಾಗದೆ ಮೆತ್ತಗೇ ಉಳಿದರೆ ಟ್ಯಾಂಕಿನಿಂದ ಬರುವ ಪೈಪಿನ ಕ್ಲಿಪ್ ಅಥವಾ ಸೀಲ್ ಬಳಿ ಗಾಳಿ ಎಳೆಯುತ್ತಿದೆ. ಆಮೇಲೆ ಗಾಳಿ ಒತ್ತಿ ಕಳಿಸುವ ಟರ್ಬೊದಿಂದ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸ್. ನಿಂತ ಗಾಡಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ, ಲೋಡ್ ಬಿದ್ದಾಗ ಮಾತ್ರ ಬಿರುಕು ಬಾಯಿಬಿಡುತ್ತದೆ. ಕ್ಲಿಪ್ ಸುತ್ತ ಎಣ್ಣೆ ಜಿಡ್ಡು, ಎಳೆಯುವಾಗ ಬುಸ್ಸೆನ್ನುವ ಸದ್ದು, ಕಪ್ಪು ಹೊಗೆ: ಮೂರೂ ಇದ್ದರೆ ಹೋಸ್ ಬಿಚ್ಚಿ ಬೆರಳಲ್ಲಿ ಅಗಲಿಸಿ ನೋಡಿ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡರೂ ಕಪ್ಪು ಹೊಗೆ ಬರುತ್ತದೆ.

ಇದೆಲ್ಲ ಸರಿಯಿದ್ದರೆ ಸ್ಕ್ಯಾನರ್ ಹಾಕಿ, ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆಯ ಒತ್ತಡ) ಬೇಕಾದಷ್ಟಿದೆಯೇ, ಲೋಡ್‌ನಲ್ಲಿ ಕುಸಿಯುತ್ತದೆಯೇ ನೋಡಬೇಕು. ಕುಸಿದರೆ, ಮಿಕ್ಕ ಡೀಸೆಲ್ ವಾಪಸ್ ಒಯ್ಯುವ ಇಂಜೆಕ್ಟರ್ ರಿಟರ್ನ್ ಪೈಪುಗಳನ್ನು ಒಂದೊಂದು ಸಣ್ಣ ಬಾಟಲಿಗೆ ಬಿಟ್ಟು ಐಡ್ಲಿಂಗ್‌ನಲ್ಲಿ ಓಡಿಸಿ. ಮಿಕ್ಕವಕ್ಕಿಂತ ಬೇಗ ತುಂಬುವ ಬಾಟಲಿಯ ಇಂಜೆಕ್ಟರ್ ಸೋರುತ್ತಿದೆ. ಎಂಜಿನ್ ಓಡುವಾಗ ಹೈ ಪ್ರೆಶರ್ ಪೈಪಿಗೆ ಮಾತ್ರ ಸ್ಪ್ಯಾನರ್ ಹಾಕಲೇಬೇಡಿ. ಎಳೆಯುವಾಗ ಅಲ್ಲಿ 1000 ಬಾರ್‌ಗೂ ಮೀರಿದ ಒತ್ತಡ. ಐಡ್ಲಿಂಗ್‌ನಲ್ಲೂ ಚಿಮ್ಮಿದ ಡೀಸೆಲ್ ಚರ್ಮದೊಳಗೇ ತೂರುತ್ತದೆ.

ಕ್ಲಚ್ ಪರೀಕ್ಷೆಗೆ ಬಯಲಲ್ಲಿ ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು, ನಾಲ್ಕನೇ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಡಿ. ಎಂಜಿನ್ ತಕ್ಷಣ ನಿಲ್ಲಬೇಕು. ನಿಲ್ಲದೆ ಓಡಿದರೆ ಪ್ಲೇಟ್ ಮುಗಿದಿದೆ, ಇಲ್ಲವೇ ಅದಕ್ಕೆ ಎಣ್ಣೆ ತಾಗಿದೆ. ಒಮ್ಮೆ ಮಾಡಿದರೆ ಸಾಕು, ಪದೇ ಪದೇ ಮಾಡಿದರೆ ಇದ್ದ ಪ್ಲೇಟೂ ಸುಟ್ಟೀತು. ಎಣ್ಣೆ ತಾಗಿದ್ದರೆ ಕ್ರ್ಯಾಂಕ್‌ನ ಹಿಂದಿನ ಸೀಲನ್ನೂ ಗೇರ್ ಬಾಕ್ಸ್ ಇನ್‌ಪುಟ್ ಶಾಫ್ಟ್ ಸೀಲನ್ನೂ ಅದೇ ಕೈಯಲ್ಲಿ ಬದಲಿಸಿ.

ಎಂಜಿನ್ ಆಫ್ ಇದ್ದಾಗ ಗೇರ್ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ರಿವರ್ಸ್ ಕರಕರ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಪೆಡಲ್ ಎರಡು ಮೂರು ಸಲ ಒತ್ತಿದ ಮೇಲೆ ಗೇರ್ ಬೀಳುವುದಾದರೆ ಕ್ಲಚ್ ಎಣ್ಣೆಯ ಲೈನಿನಲ್ಲಿ ಗಾಳಿ ಸೇರಿದೆ ಅಥವಾ ಕ್ಲಚ್ ಸಿಲಿಂಡರಿನ ರಬ್ಬರ್ ಸವೆದಿದೆ. ನ್ಯೂಟ್ರಲ್‌ನಲ್ಲಿ ಕೇಳುವ ಗೊರಗೊರ ಪೆಡಲ್ ಒತ್ತಿದರೆ ನಿಂತರೆ ಇನ್‌ಪುಟ್ ಶಾಫ್ಟ್ ಬೇರಿಂಗ್. ಒತ್ತಿದಾಗಲೇ ಶುರುವಾದರೆ ರಿಲೀಸ್ ಬೇರಿಂಗ್. ನಿಂತ ಗಾಡಿ ಹೊರಡುವಾಗ ಅಡಿಯಲ್ಲಿ ಟಣ್ ಅಂದರೆ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಅಲುಗಾಡಿಸಿ ನೋಡಿ.

ಒಂದೇ ಒಂದು ಗೇರ್ ಕಿರುಗುಟ್ಟುತ್ತಿದ್ದರೆ ಗೇರ್ ಬದಲಿಸುವಾಗ ವೇಗ ಹೊಂದಿಸುವ ಸಿಂಕ್ರೊನೈಸರ್ ರಿಂಗ್ ಮೇಲೆ ಅನುಮಾನ. ಗೇರ್ ಎಣ್ಣೆ ಇಳಿಸಿ ಡ್ರೈನ್ ಪ್ಲಗ್ ನೋಡಿ: ಮಸಿಯಂಥ ಬೂದು ಹಿಟ್ಟು ಮಾಮೂಲಿ ಸವೆತ, ಎಣ್ಣೆಯಲ್ಲಿ ಹಿತ್ತಾಳೆಯ ಹೊಳಪು ಕಂಡರೆ ರಿಂಗ್, ಉಕ್ಕಿನ ಚೂರು ಸಿಕ್ಕರೆ ಗೇರ್ ಹಲ್ಲು ಅಥವಾ ಬೇರಿಂಗ್, ಆಗ ಬಾಕ್ಸ್ ಇಳಿಸುವುದೇ ಸರಿ. ಹಿಂದಿನ ಆಕ್ಸಲ್‌ಗೆ ತಂದ ಎಣ್ಣೆಯನ್ನೇ ಗೇರ್ ಬಾಕ್ಸಿಗೂ ಸುರಿಯಬೇಡಿ. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಅದರ ಕೈಪಿಡಿ ಹೇಳಿದ ಗ್ರೇಡಿನ ಎಣ್ಣೆಯನ್ನು ಲೆವೆಲ್ ಪ್ಲಗ್ ತೂತಿನಿಂದ ಹೊರಗೆ ಸೋರುವವರೆಗೆ ತುಂಬಿ.