ಕಕ್ಷೆಯ ಓರೆ
ಸೂರ್ಯನಂಥ ನಕ್ಷತ್ರದ ಸುತ್ತ ಇರೋದು ಗ್ರಹವೋ ಕಂದು ಕುಬ್ಜವೋ (ಗ್ರಹಕ್ಕಿಂತ ಭಾರ, ಆದರೆ ನಕ್ಷತ್ರವಾಗಲು ಸಾಲದ ಕಾಯ)? ಮೊದಲು ಕಕ್ಷೆಯ ಓರೆ, ಅಂದರೆ ಅದು ನಮ್ಮ ನೋಟಕ್ಕೆ ಎಷ್ಟು ವಾಲಿದೆ ಅನ್ನೋದು ಗೊತ್ತಾಗಬೇಕು. ನಕ್ಷತ್ರದ ಬೆಳಕಿನ ರೋಹಿತದಲ್ಲಿ (ಬಣ್ಣಗಳ ಪಟ್ಟಿಯಲ್ಲಿ) ಕಾಣುವ ಗೆರೆಗಳ ಓಲಾಟದಿಂದ ಸಿಗೋದು ನಕ್ಷತ್ರ ನಮ್ಮತ್ತ ಬರುವ, ದೂರ ಸರಿಯುವ ವೇಗ ಮಾತ್ರ. ಹಾಗಾಗಿ ಲೆಕ್ಕಕ್ಕೆ ಬರೋದು ಕನಿಷ್ಠ ದ್ರವ್ಯರಾಶಿ. ಆ ‘ಕನಿಷ್ಠ’ವನ್ನು ಬಿಟ್ಟು ಬರೆಯೋದು ನನಗಂತೂ ಸರಿಕಾಣದು.

1989ರಲ್ಲಿ ಎಚ್‌ಡಿ 114762 ಎಂಬ ನಕ್ಷತ್ರದ ಸುತ್ತ 84 ದಿನಕ್ಕೊಂದು ಸುತ್ತು ಹಾಕುವ ಜೊತೆಗಾರ ಸಿಕ್ಕಿತು: ಕನಿಷ್ಠ 11 ಗುರುಗ್ರಹಗಳಷ್ಟು. ಸುಮಾರು 13 ಗುರುಗಳನ್ನು ದಾಟಿದರೆ ಡ್ಯುಟೀರಿಯಂ (ಭಾರದ ಹೈಡ್ರೋಜನ್) ಉರಿಯುತ್ತೆ, ಅದು ಕಂದು ಕುಬ್ಜ. 75–80 ದಾಟಿದರೆ ಹೈಡ್ರೋಜನ್ನೇ ಹೊತ್ತಿಕೊಂಡು ನಕ್ಷತ್ರವಾಗುತ್ತೆ. ಮುಂದೆ ಗಯಾ ನೌಕೆ ಆ ನಕ್ಷತ್ರ ಆಕಾಶದಲ್ಲಿ ಅಲುಗುವುದನ್ನೇ ಅಳೆಯಿತು. ಕಕ್ಷೆಯನ್ನು ನಾವು ಹೆಚ್ಚುಕಮ್ಮಿ ನೆತ್ತಿಯ ಮೇಲಿಂದ ನೋಡುತ್ತಿದ್ದೆವು, ಓಲಾಟದ ಬಹುಪಾಲು ಅಡ್ಡಡ್ಡಕ್ಕೆ ಹೋಗಿತ್ತು. ಜೊತೆಗಾರನ ನಿಜ ದ್ರವ್ಯರಾಶಿ ನೂರು ಗುರುಗಳಿಗೂ ಮಿಕ್ಕಿ. ಅದೊಂದು ಪುಟ್ಟ ಕೆಂಪು ನಕ್ಷತ್ರ!